ಅವ್ವನ ಹೊಟ್ಟೆ, ಅವ್ವನಿಗೇ ಗೊತ್ತಿಲ್ಲ

ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೆ ವಿಷಯ ಇಷ್ಟು: ಬ್ಯಾಡಗಿ ಕಡೆಯ ಹಳ್ಳಿ. ಅವ್ವನಿಗೆ 54 ವರ್ಷ, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ಐದು ತಿಂಗಳು ಗ್ಯಾಸ್ ಅಂತ ಗುಳಿಗೆ ನುಂಗಿದ್ದಾಯ್ತು. ಆಮೇಲೆ ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಿದರೆ ಅಂಡಾಶಯದ ಕ್ಯಾನ್ಸರ್, ಮೂರನೇ ಸ್ಟೇಜ್. ಒಂದು ಕೀಮೋ ಮುಗಿದಿದೆ, ಸೋಮವಾರ ಎರಡನೆಯದು. ಅವ್ವನಿಗೆ ಮಾತ್ರ ‘ಹೊಟ್ಟ್ಯಾಗ ನೀರು ತುಂಬೇತಿ’ ಅಂತಷ್ಟೇ ಹೇಳಿದ್ದೀರಿ. ತಡ ಮಾಡಿದ್ದು ನಮ್ಮ ತಪ್ಪಾ, ಆಪರೇಷನ್ ಬಿಟ್ಟು ಕೀಮೋ ಕೊಡ್ತಿದ್ದಾರೆ ಅಂದ್ರೆ ಕೈಬಿಟ್ಟರಾ, ನನಗೂ ಬರುತ್ತಾ, ಅವ್ವನಿಗೆ ಹೇಳಬೇಕಾ ಅಂತ ಕೇಳಿದ್ದೀರಿ.

ಮೊದಲು ತಪ್ಪಿನ ಮಾತು. ಪರಕಾರದ ಲಾಡಿ ಗಂಟಿಗೆ ಸಾಲದೆ ಅವ್ವ ಬೇರೆ ಲಾಡಿ ಪೋಣಿಸಿಕೊಂಡಳು, ಬಳೆ ಮಾತ್ರ ಸಡಿಲಾಗಿ ಮೊಣಕೈ ತನಕ ಜಾರುತ್ತಿತ್ತು, ಅರ್ಧ ರೊಟ್ಟಿಗೇ ಸಾಕು ಅಂತ ಏಳುತ್ತಿದ್ದಳು ಅಂತ ಬರೆದಿದ್ದೀರಿ. ಈ ಕಾಯಿಲೆ ಬರುವುದೇ ಹೀಗೆ. ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬಿದಂತಾಗೋದು, ಕಿಬ್ಬೊಟ್ಟೆ ನೋವು, ಮೇಲಿಂದ ಮೇಲೆ ಮೂತ್ರ. ಇವೆಲ್ಲ ನಮ್ಮ ಕಡೆ ಗ್ಯಾಸ್ ಲೆಕ್ಕಕ್ಕೆ ಹೋಗಿಬಿಡುತ್ತವೆ, ಮೆಣಸಿನಕಾಯಿ ತಿನ್ನುವ ನಾಡು ನೋಡಿ. ಅಂಡಾಶಯ ಒಳಗೆ ಆಳದಲ್ಲಿರುತ್ತೆ, ಗಡ್ಡೆ ಸಣ್ಣದಿದ್ದಾಗ ಗೊತ್ತೇ ಆಗಲ್ಲ. ಲೋಕದ ತುಂಬ ಜಾಸ್ತಿ ಹೆಂಗಸರಿಗೆ ಇದು ಗೊತ್ತಾಗೋದು ಹರಡಿದ ಮೇಲೆಯೇ. ಆ ಐದು ತಿಂಗಳನ್ನು ತಲೆ ಮೇಲೆ ಹೊತ್ತುಕೊಂಡು ತಿರುಗಬೇಡಿ. ಆದರೆ ಓದುತ್ತಿರುವ ಉಳಿದವರು ಕೇಳಿ: ಇವು ಹೊಸದಾಗಿ ಶುರುವಾಗಿ, ಹೆಚ್ಚುಕಡಿಮೆ ದಿನಾ ಕಾಡುತ್ತ ಎರಡು ಮೂರು ವಾರ ದಾಟಿದರೆ, ಅದರಲ್ಲೂ ಮುಟ್ಟು ನಿಂತ ವಯಸ್ಸಿನಲ್ಲಿ, ಮತ್ತೊಂದು ಗ್ಯಾಸಿನ ಗುಳಿಗೆ ಬೇಡ, ಹೊಟ್ಟೆಯ ಸ್ಕ್ಯಾನ್ ಮಾಡಿಸಿ.

ಕೀಮೋ ಮೊದಲು ಕೊಟ್ಟರೆ ಕೈಬಿಟ್ಟರು ಅಂತಲ್ಲ. ಈ ಕ್ಯಾನ್ಸರಿನ ಆಪರೇಷನ್‌ನಲ್ಲಿ ಕಣ್ಣಿಗೆ ಕಾಣುವ ಗಡ್ಡೆ ಒಂದೂ ಉಳಿಯಬಾರದು, ಅದೇ ಗುರಿ. ಹೊಟ್ಟೆ ತುಂಬ ನೀರು, ಅಲ್ಲಲ್ಲಿ ಗಡ್ಡೆ, ಪೇಷಂಟ್ ಸೊರಗಿದ್ದರೆ ಮೊದಲು ಮೂರು ಕೀಮೋ ಕೊಟ್ಟು ಕುಗ್ಗಿಸಿ, ಆಮೇಲೆ ಆಪರೇಷನ್, ಮತ್ತೆ ಮೂರು ಕೀಮೋ. ಸಾಮಾನ್ಯವಾಗಿ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್, ಮೂರು ವಾರಕ್ಕೊಮ್ಮೆ. ‘ಚಾಕು ತಾಗಿದರೆ ಹರಡತೈತಿ’ ಅನ್ನೋ ನಿಮ್ಮ ಕಾಕಾನ ಮಾತು ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಅಂಡಾಶಯದೊಳಗೇ ಇರುವ ಗಡ್ಡೆಗೆ ಸೂಜಿ ಚುಚ್ಚದೆ ಇಡಿಯಾಗಿ ತೆಗೆಯಬೇಕು ಅಂತ ಡಾಕ್ಟರೇ ಎಚ್ಚರ ವಹಿಸುತ್ತಾರೆ. ಆದರೆ ಅವ್ವನಿಗೆ ಆಗಲೇ ಹೊರಗೆ ಹರಡಿದೆ, ಆಪರೇಷನ್ ತಪ್ಪಿಸಿದರೆ ನಷ್ಟ ಅವ್ವನಿಗೇ. ಒಂದು ಮಾತು ಕೇಳಿಕೊಳ್ಳಿ: ಆಪರೇಷನ್ ಮಾಡೋರು ಹೆಂಗಸರ ಕ್ಯಾನ್ಸರಿನಲ್ಲೇ ಪಳಗಿದ ಸರ್ಜನ್ನಾ ಅಂತ. ಕೇಳೋಕೆ ನಾಚಿಕೆ ಬೇಡ.

ಕಾಯಿಲೆ ವಾಪಸ್ ಬರಬಹುದಾ? ಮೂರನೇ ಸ್ಟೇಜಿನಲ್ಲಿ ಜಾಸ್ತಿ ಮಂದಿಗೆ ಬರುತ್ತೆ, ಸುಳ್ಳು ಹೇಳಲಾರೆ. ಬಂದಾಗಲೂ ಔಷಧಿ ಇದೆ. ತಡವಾಗಿ ಬಂದಷ್ಟೂ ಹಳೇ ಔಷಧಿಯೇ ಮತ್ತೆ ನಾಟುವ ಸಾಧ್ಯತೆ ಜಾಸ್ತಿ.

ನಿಮ್ಮ ಬಗ್ಗೆ. ಈ ಕ್ಯಾನ್ಸರಿನ ಸುಳಿವು ನೋಡುವ ಸಿಎ-125 ರಕ್ತಪರೀಕ್ಷೆ ಮಾಡಿಸ್ಲಾ ಅಂದಿದ್ದೀರಿ. ಸುಮ್ನೆ ಮಾಡಿಸಬೇಡಿ. ಅದು ಮುಟ್ಟಿನ ದಿನಗಳಲ್ಲೂ ಏರುತ್ತೆ, ಗರ್ಭಕೋಶದ ಗಡ್ಡೆಗೂ, ಹೊಟ್ಟೆಯ ಟಿಬಿಗೂ ಏರುತ್ತೆ. ಬ್ರಿಟನ್‌ನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು ಈ ಪರೀಕ್ಷೆ, ಸ್ಕ್ಯಾನ್ ಎರಡನ್ನೂ ವರ್ಷಗಟ್ಟಲೆ ಒರೆಗೆ ಹಚ್ಚಿದರು. 2021ರಲ್ಲಿ ಬಂದ ಫಲಿತಾಂಶ: ಸಾವು ಕಡಿಮೆ ಆಗಲಿಲ್ಲ. ನೀವು ಕೇಳಬೇಕಾದ್ದು ಅವ್ವನ ಬಿಆರ್‌ಸಿಎ ಜೀನ್ ಪರೀಕ್ಷೆ. ಈ ಜೀನಿನಲ್ಲಿ ದೋಷವಿದ್ದರೆ ಈ ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿ, ದೋಷ ಹೆತ್ತವರಿಂದ ಮಕ್ಕಳಿಗೆ ಇಳಿಯಬಹುದು. ಅವ್ವನಲ್ಲಿ ದೋಷ ಸಿಕ್ಕರೆ ಮಾತ್ರ ನೀವು, ನಿಮ್ಮ ಅಣ್ಣ ಮಾಡಿಸಬೇಕು. ಹೌದು, ಅಣ್ಣನೂ. ಗಂಡಸರಿಂದಲೂ ಅದು ಹೆಣ್ಣುಮಕ್ಕಳಿಗೆ ಇಳಿಯುತ್ತೆ. ಸಿಕ್ಕರೆ ಅವ್ವನಿಗೂ ಉಪಯೋಗವಿದೆ, ಅಂಥವರಿಗೆ ಓಲಾಪರಿಬ್ ಅನ್ನೋ ಗುಳಿಗೆ ಚೆನ್ನಾಗಿ ಕೆಲಸ ಮಾಡುತ್ತೆ, ದುಬಾರಿ ಮಾತ್ರ.

ದುಡ್ಡಿನ ಮಾತು ಬಂತಲ್ಲ. ಬಿಪಿಎಲ್ ಕಾರ್ಡ್ ಇದೆ ಅಂದಿದ್ದೀರಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರ ಯಾರು ಅಂತ ಹುಡುಕಿ ಹಿಡಿಯಿರಿ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾ ಅಂತ ಮೊದಲೇ ಕೇಳಿ. ಬಿಲ್ ಕಟ್ಟಿದ ಮೇಲೆ ಕೇಳಿದರೆ ಉಪಯೋಗವಿಲ್ಲ.

ಇನ್ನು ಕೊನೆಯ ಪ್ರಶ್ನೆ. ಧಾರವಾಡದ ನಮ್ಮ ಚಿಗವ್ವನಿಗೂ ಇದೇ ಕಾಯಿಲೆ. ನಾವೆಲ್ಲ ಸೇರಿ ಮುಚ್ಚಿಟ್ಟೆವು, ನಾನೇ ಮುಂದಾಳು. ಕರುಳಿನ ಹುಣ್ಣು ಅಂದಿದ್ದೆ. ಮೂರನೇ ಸಲ ಆಸ್ಪತ್ರೆಗೆ ಹೋದಾಗ ಆಟೋ ಇಳಿದು ನಿಂತು, ‘ನಾಲ್ಕನೇತ್ತಾ ಕಲಿತೇನಿ, ಬೋರ್ಡ್ ಓದಾಕ ಬರತೈತಿ ನನಗ’ ಅಂದಳು. ಕಾಯಿಲೆಗೆ ಅವಳು ಅಳಲಿಲ್ಲ. ಬೋರಮಾಳ ಯಾರಿಗೆ ಕೊಡಬೇಕು, ಹೊಲದ ಪಾಲು ಹೆಂಗೆ ಅಂತ ಯೋಚಿಸೋಕೆ ಆರು ವಾರ ಸಿಗದಂತೆ ಮಾಡಿದಿರಿ ಅಂತ ಸಿಟ್ಟು. ಆ ಸಿಟ್ಟು ನ್ಯಾಯದ್ದೇ.

ನಿಮ್ಮ ಅವ್ವನಿಗೆ ಕೂದಲು ಉದುರಲು ಶುರುವಾಗಿದೆಯಂತೆ. ಹೊಟ್ಟೆಯ ನೀರಿಗೆ ಕೂದಲು ಉದುರಲ್ಲ ಅಂತ ಅವ್ವನಿಗೆ ಗೊತ್ತಾಗದೆ ಇರುತ್ತಾ? ಎಷ್ಟು ಗೊತ್ತಾಗಬೇಕು ನಿನಗ ಅಂತ ಅವ್ವನನ್ನೇ ಕೇಳಿ, ಅಷ್ಟೇ ಹೇಳಿ. ಬೆರಳ ತುದಿ ಜುಮ್ ಅನ್ನುತ್ತಾ ಅಂತಲೂ ಕೇಳಿ. ಪ್ಯಾಕ್ಲಿಟ್ಯಾಕ್ಸೆಲ್‌ಗೆ ಹಾಗಾಗುತ್ತೆ. ತೊಟ್ಟು ಬಿಡಿಸುವ ಕೈ ಅದು, ಜೋಮು ಹಿಡಿದಾಗ ಮುಚ್ಚಿಡದೆ ಡಾಕ್ಟರಿಗೆ ಹೇಳಬೇಕು ಅಂದ್ರೆ ಯಾವ ಔಷಧಿ ಅಂತ ಅವ್ವನಿಗೆ ಗೊತ್ತಿರಬೇಕಲ್ವಾ.

ಮನೆಯಲ್ಲಿ ಥರ್ಮಾಮೀಟರ್ ಇಟ್ಟುಕೊಳ್ಳಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಗುಳಿಗೆ ಕೊಟ್ಟು ಮಲಗಿಸಬೇಡಿ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ. ಸೋಮವಾರ ಹೋಗುವಾಗ ದಪ್ಪನೆಯದೊಂದು ಚಾದರ ತಗೊಳ್ಳಿ. ಕೀಮೋ ವಾರ್ಡಿನ ಎಸಿ ಬಲು ಥಂಡಿ, ಚಿಗವ್ವನಿಗೆ ನಾವು ಅದನ್ನೂ ಒಯ್ದಿರಲಿಲ್ಲ.

– ಸಂಪಾದಕ