ಬಿಎಸ್‌ಎ ಎಂ21 ಸೈಡ್‌ಕಾರ್ ಬೈಕ್ (ಪಕ್ಕಕ್ಕೆ ಒಂದು ಚಕ್ರದ ಗಾಡಿ ಜೋಡಿಸಿದ್ದು) ಮಾಡಿದವರೂ ನಮ್ಮ ಬಿಎಸ್‌ಎ ಸೈಕಲ್‌ನವರೂ ಒಂದೇನಾ? ಗುರುತಿನಲ್ಲಿ ಮೂರು ಬಂದೂಕು ಯಾಕೆ?

ಹೆಸರಿನ ಬೇರು ಒಂದೇ, ಕಂಪನಿ ಬೇರೆ. ಬಿಎಸ್‌ಎ ಅಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. 1861ರಲ್ಲಿ ಆ ಊರಿನ ಬಂದೂಕು ಕೆಲಸದವರು ಸೇರಿ ಕಟ್ಟಿದ ಕಂಪನಿ. ಮೂರು ಬಂದೂಕಿನ ಗುರುತು ಬಂದದ್ದು ಅಲ್ಲಿಂದಲೇ. ಆಮೇಲೆ ಸೈಕಲ್ಲಿಗೆ ಕೈ ಹಾಕಿದರು, 1910ರಲ್ಲಿ ತಮ್ಮದೇ ಮೋಟಾರ್ ಸೈಕಲ್ ತೋರಿಸಿದರು. ಸೈಕಲ್ ವಿಭಾಗವನ್ನು 1957ರಲ್ಲಿ ರ‍್ಯಾಲಿ ಕಂಪನಿಗೆ ಮಾರಿದರು. ನಮ್ಮಲ್ಲಿ ಆ ಹೆಸರಿನ ಸೈಕಲ್ ಮಾಡಿದ್ದು ಮದ್ರಾಸಿನ ಟಿಐ ಸೈಕಲ್ಸ್.

ಇನ್ನು ಎಂ21. ಇದನ್ನು ನಿಧಾನದ ಗಾಡಿ ಅಂತ ತಳ್ಳಿಹಾಕುವವರು ಜಾಸ್ತಿ. ನನಗೆ ಅದು ಸರಿ ಅನ್ನಿಸುವುದಿಲ್ಲ. 591 ಸಿಸಿಯ ಒಂದೇ ಸಿಲಿಂಡರ್, ಸೈಡ್ ವಾಲ್ವ್ ಎಂಜಿನ್ (ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿರುವ ಹಳೆಯ ಬಗೆ), ಸುಮಾರು 15 ಹಾರ್ಸ್‌ಪವರ್. ಓಟಕ್ಕೆ ಮಾಡಿದ್ದೇ ಅಲ್ಲ, ಎಳೆಯುವುದಕ್ಕೆ ಮಾಡಿದ್ದು. ಪಿಸ್ಟನ್ 112 ಮಿಲಿಮೀಟರ್ ಮೇಲೆ ಕೆಳಗೆ ಹೋಗುತ್ತದೆ, ಹಾಗಾಗಿ ಕಡಿಮೆ ವೇಗದಲ್ಲೇ ಒಳ್ಳೆಯ ಎಳೆತ ಸಿಗುತ್ತದೆ. ಪಕ್ಕದಲ್ಲಿ ಸೈಡ್‌ಕಾರ್, ಅದರೊಳಗೆ ಸಾಮಾನು ತುಂಬಿದ ಮೇಲೆ ಬೇಕಾಗುವುದು ಇದೇ ಅಲ್ವಾ? ಬ್ರಿಟನ್ನಿನಲ್ಲಿ ದಾರಿಯಲ್ಲಿ ಕಾರು ಕೆಟ್ಟು ನಿಂತರೆ ನೆರವಿಗೆ ಬರುತ್ತಿದ್ದ ಆಟೊಮೊಬೈಲ್ ಅಸೋಸಿಯೇಷನ್ನಿನವರು ಹಳದಿ ಬಣ್ಣದ ಎಂ21ಗಳನ್ನೇ ಓಡಿಸುತ್ತಿದ್ದರು. ಸೈಡ್‌ಕಾರಿನಲ್ಲಿ ಸೀಟು ಇರಲಿಲ್ಲ, ಸ್ಪ್ಯಾನರ್ ಮತ್ತಿತರ ಸಾಮಾನಿನ ಪೆಟ್ಟಿಗೆ ಇತ್ತು. 1963ರವರೆಗೂ ಈ ಮಾಡೆಲ್ ಉಳಿಯಲು ಅವರ ಆರ್ಡರೇ ದೊಡ್ಡ ಕಾರಣ.

1950ರ ದಶಕದಲ್ಲಿ ಬಿಎಸ್‌ಎ ಜಗತ್ತಿನ ಅತಿ ದೊಡ್ಡ ಬೈಕ್ ಕಂಪನಿ. ಟ್ರಯಂಫ್ ಬೈಕ್ ಕಂಪನಿ ಕೂಡ ಅವರ ಕೈಯಲ್ಲಿತ್ತು. ಜಪಾನಿನ ಬೈಕ್‌ಗಳು ಬಂದ ಮೇಲೆ ತಡೆಯಲಾಗಲಿಲ್ಲ, 1973ರಲ್ಲಿ ಬೇರೆ ಕಂಪನಿಯೊಳಗೆ ಸೇರಿಹೋಯಿತು. 2016ರಲ್ಲಿ ಆ ಹೆಸರನ್ನು ಕೊಂಡದ್ದು ಮಹೀಂದ್ರದ ಕ್ಲಾಸಿಕ್ ಲೆಜೆಂಡ್ಸ್. ಹಿಂದೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾವನ್ನು ಮತ್ತೆ ರಸ್ತೆಗೆ ತಂದವರೂ ಅವರೇ.

ನಾನು ಬರ್ಮಿಂಗ್‌ಹ್ಯಾಮ್ ಹತ್ತಿರ ಇದ್ದಾಗ ನೆರೆಮನೆಯ ಅಜ್ಜ ಒಮ್ಮೆ ತಮ್ಮ ಎಂ21 ಕೊಟ್ಟಿದ್ದರು. ಅಲ್ಲೂ ರಸ್ತೆಯ ಎಡಬದಿಯ ಓಡಾಟ, ಸೈಡ್‌ಕಾರೂ ಎಡಕ್ಕೇ. ಆಕ್ಸಿಲರೇಟರ್ ಕೊಟ್ಟರೆ ಗಾಡಿ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಹಿಡಿದರೆ ಬಲಕ್ಕೆ. ಬೈಕ್ ತರ ವಾಲಿಸಲು ಆಗುವುದಿಲ್ಲ, ಹ್ಯಾಂಡಲ್ ತಿರುಗಿಸಲೇಬೇಕು. ನಿಮಗೆ ಓಡಿಸುವ ಅವಕಾಶ ಸಿಕ್ಕರೆ ಮೊದಲು ಸೈಡ್‌ಕಾರಿನಲ್ಲಿ ಒಂದು ಮರಳಿನ ಚೀಲ ಇಡಿ. ಸೈಡ್‌ಕಾರ್ ಖಾಲಿ ಇದ್ದರೆ ಎಡ ತಿರುವಿನಲ್ಲಿ ಅದರ ಚಕ್ರ ನೆಲ ಬಿಡುತ್ತದೆ. ನನಗೂ ಹಾಗೇ ಆಯಿತು, ಅಜ್ಜ ಹಿಂದಿನಿಂದ ಕೂಗಿದರು, “ನಿಧಾನ, ನಿಧಾನ!”