ಕಸ ತುಳುಕುವುದಿಲ್ಲ

ಪತ್ರ: ನಾಲ್ಕನೇ ತರಗತಿಯ ಮಗಳು ‘ತುಳುಕು ಎಂದರೆ ಚೆಲ್ಲು’ ಎಂದು ಬಾಯಿಪಾಠ ಮಾಡಿ, ಸ್ವಂತ ವಾಕ್ಯದಲ್ಲಿ ‘ನಾನು ಕಸವನ್ನು ತುಳುಕಿದೆ’ ಎಂದು ಬರೆದಳು. ಮೇಷ್ಟ್ರು ತಪ್ಪು ಹಾಕಿದರು. ಅರ್ಥ ಗೊತ್ತಿದ್ದರೆ ಸಾಲದೇ? ವಾಕ್ಯದ ಗೊಡವೆ ಯಾಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಪದಗಳ ಅರ್ಥದ ಪಟ್ಟಿ ಬೇಡ ಅನ್ನುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಅದು ನೆರವಿಗೆ ಬರುತ್ತದೆ. ಆದರೆ ನಿಮ್ಮ ಮಗಳು ಪಟ್ಟಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದಾಳೆ, ಎಡವಿದ್ದು ಪಟ್ಟಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಾರ್ಜ್ ಮಿಲ್ಲರ್, ಪೆಟ್ರೀಷಿಯಾ ಗಿಲ್ಡಿಯಾ 1987ರಲ್ಲಿ ಇಂಥವೇ ವಾಕ್ಯಗಳ ಬಗ್ಗೆ ಬರೆದರು. ಮಣ್ಣು ಕೊರೆದುಹೋಗುವುದಕ್ಕೆ ಹೇಳುವ ಇಂಗ್ಲಿಷಿನ ‘ಇರೋಡ್’ ಪದಕ್ಕೆ ನಿಘಂಟಿನಲ್ಲಿ ‘ಈಟ್ ಔಟ್’, ಅಂದರೆ ಕೊರೆದು ತಿನ್ನು, ಎಂದಿತ್ತು. ಹೋಟೆಲ್ ಊಟಕ್ಕೂ ಅದೇ ಮಾತು ತಾನೆ? ‘ನಮ್ಮ ಮನೆಯವರು ಆಗಾಗ ಇರೋಡ್ ಮಾಡುತ್ತಾರೆ’ ಎಂದು ಮಗು ಬರೆಯಿತು.

ತುಳುಕಬೇಕಾದರೆ ದ್ರವ ಬೇಕು, ಪಾತ್ರೆ ಬೇಕು, ಅಲುಗಾಟ ಬೇಕು. ಉದಾಹರಣೆ ವಾಕ್ಯದಲ್ಲಿ ಈ ಮೂರೂ ಕಾಣಬೇಕು. ‘ನೀರು ತುಳುಕಿತು’ ಎಂದರೆ ಏನೂ ಕಲಿಸಿದ ಹಾಗಾಗಲಿಲ್ಲ. ಪದ ಅಳಿಸಿ ನೋಡಿ: ಅಲ್ಲಿ ‘ಹರಿಯಿತು’, ‘ಸೋರಿತು’ ಯಾವುದೂ ಕೂರುತ್ತದೆ. ‘ಲೋಟದ ಅಂಚಿನವರೆಗೂ ಕಾಫಿ ಹಾಕಬೇಡ, ನಡೆಯುವಾಗ ತುಳುಕುತ್ತದೆ’ ಎನ್ನಿ. ‘ಬಸ್ಸು ಗುಂಡಿಗಿಳಿದಾಗ ಕ್ಯಾನಿನ ಹಾಲು ತುಳುಕಿತು’ ಎನ್ನಿ. ವಾಕ್ಯದ ಉಳಿದ ಪದಗಳೆಲ್ಲ ಮಗುವಿಗೆ ಗೊತ್ತಿರುವಂಥವೇ ಆಗಿರಲಿ. ಒಂದು ವಾಕ್ಯದಲ್ಲಿ ಎರಡು ಹೊಸ ಪದ ಬಂದರೆ ಎರಡೂ ಹೋದವು.

ಇಂಥ ಮೂರು ವಾಕ್ಯವಾದ ಮೇಲೆ ನೆರೆಹೊರೆಯ ಪದ ತನ್ನಿ. ಒಲೆಯ ಮೇಲಿನ ಹಾಲು ಉಕ್ಕುತ್ತದೆ, ತೂತಾದ ಕೊಡ ಸೋರುತ್ತದೆ, ಅಕ್ಕಿಯನ್ನೂ ಕಸವನ್ನೂ ನಾವು ಚೆಲ್ಲುತ್ತೇವೆ, ನೀರು ತಾನೇ ತುಳುಕುತ್ತದೆ. ಪದದ ಎಲ್ಲೆ ಮಗುವಿಗೆ ಗೊತ್ತಾಗುವುದು ಇಲ್ಲಿಯೇ, ಪಾಠದಲ್ಲಿ ಬಿಟ್ಟುಹೋಗುವುದೂ ಇದೇ. ‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬ ಗಾದೆಯನ್ನು ಮೊದಲೇ ಹೇಳಬೇಡಿ. ತುಂಬಿದ ಲೋಟ ತುಳುಕುವುದನ್ನು ಕಂಡ ಮಗು ಗೊಂದಲಕ್ಕೆ ಬೀಳುತ್ತದೆ. ಕಂಠದವರೆಗೆ ತುಂಬಿದ ಕೊಡದಲ್ಲಿ ನೀರಿಗೆ ಓಲಾಡಲು ಜಾಗವಿಲ್ಲ, ಅರ್ಧ ಕೊಡದಲ್ಲಿ ಇದೆ. ಇದನ್ನು ಕೊಡ ಹಿಡಿದು ತೋರಿಸಿ, ಆಮೇಲೆ ಗಾದೆ. ಜನ ತುಂಬಿ ತುಳುಕುವ ಜಾತ್ರೆ ಇನ್ನೂ ಆಮೇಲೆ.

ಮೇಷ್ಟ್ರನ್ನು ದೂರಿ ಫಲವಿಲ್ಲ. ಅಂಗಡಿಯಲ್ಲಿ ಸಿಗುವ ಗೈಡುಗಳಲ್ಲಿ ‘ಸ್ವಂತ ವಾಕ್ಯ’ವನ್ನೂ ಅಚ್ಚುಹಾಕಿ ಕೊಡುತ್ತಾರೆ, ಇಡೀ ತರಗತಿಯ ಸ್ವಂತ ವಾಕ್ಯ ಒಂದೇ! ಅದಕ್ಕೆ ಪೂರ್ಣ ಅಂಕ, ತಾನೇ ಯೋಚಿಸಿ ಬರೆದ ಮಗುವಿಗೆ ಸೊನ್ನೆ. 1894ರಲ್ಲೇ ಕಿಟೆಲ್ ತಮ್ಮ ನಿಘಂಟಿನಲ್ಲಿ ಪದಗಳ ಜೊತೆ ಗಾದೆಗಳನ್ನೂ ಬಳಕೆಗಳನ್ನೂ ಕೊಟ್ಟರು. ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳಲ್ಲೂ ಪ್ರಯೋಗಗಳು ತುಂಬಿವೆ. ದೊಡ್ಡವರಿಗೆ ಇಷ್ಟೆಲ್ಲ, ಮಕ್ಕಳಿಗೆ ಮಾತ್ರ ಒಂದೊಂದೇ ಸಮಾನಪದ. ಪಾಠದ ಕೊನೆಯ ಪಟ್ಟಿಯಲ್ಲಿ ಹತ್ತು ಪದ ಕಡಿಮೆಯಾದರೂ ಆಗಲಿ, ಉಳಿದ ಪ್ರತಿ ಪದಕ್ಕೂ ಎರಡು ಒಳ್ಳೆಯ ವಾಕ್ಯ ಅಚ್ಚಾಗಬೇಕು.