ಸ್ಪ್ಯಾನಿಷ್ ಮಾತಾಡುವ ನರ್ಸಿಂಗ್ ವಿದ್ಯಾರ್ಥಿಗಳಿಗೆ ಆಸ್ಪತ್ರೆಯ ಇಂಗ್ಲಿಷ್ ಹೇಗೆ ಕಲಿಸಲಿ?

ಕೊಲಂಬಿಯಾದ ನಾಲ್ಕು ಜನ ನರ್ಸಿಂಗ್ ವಿದ್ಯಾರ್ಥಿಗಳಿಗೆ ಮೈಸೂರಿನಿಂದಲೇ ಆನ್‌ಲೈನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೀರಿ, ರೋಗಗಳ ಹೆಸರಿನ ಪಟ್ಟಿ ಬಾಯಿಪಾಠ ಮಾಡಿಸಬೇಕಾ ಅಂತ ಕೇಳಿದ್ದೀರಿ.

ಬೇಡ ಮೇಡಂ. ನಾನು ಹಾಸನದ ಕಡೆಯವಳು, ಟೆಕ್ಸಾಸ್‌ನಲ್ಲಿ ನರ್ಸ್. ನಮ್ಮ ವಾರ್ಡ್‌ನಲ್ಲಿ ಅರ್ಧದಷ್ಟು ನರ್ಸ್‌ಗಳು ಸ್ಪ್ಯಾನಿಷ್ ಮಾತಾಡುವವರೇ. ನಾವು ಕಷ್ಟಪಟ್ಟು ಉರು ಹೊಡೆದ ದೊಡ್ಡ ಪದಗಳು ಅವರಿಗೆ ಮನೆಮಾತು. ಅನೀಮಿಯಾ ಅವರ ಬಾಯಲ್ಲಿ ಅನೇಮಿಯಾ, ಟ್ಯಾಕಿಕಾರ್ಡಿಯಾ (ಎದೆಬಡಿತ ಜೋರಾಗುವುದು) ತಾಕಿಕಾರ್ದಿಯಾ. ಗ್ರೀಕ್, ಲ್ಯಾಟಿನ್ ಬೇರು ಎರಡೂ ಕಡೆ ಒಂದೇ ಅಲ್ವಾ.

ಅವರು ಎಡವುವುದು ಚಿಕ್ಕ ಮಾತುಗಳಲ್ಲಿ. ಒಂದು ರಾತ್ರಿ ಪಾಳಿಯಲ್ಲಿ ವಯಸ್ಸಾದ ರೋಗಿಯೊಬ್ಬರು ಹಾಸಿಗೆ ಅಂಚಿನಲ್ಲಿ ಕೂತು "ಐಯಾಮ್ ಗೋಯಿಂಗ್ ಟು ಪಾಸ್ ಔಟ್" ಅಂದರು. ಹೊಸದಾಗಿ ಬಂದಿದ್ದ ನನ್ನ ಸಹೋದ್ಯೋಗಿ "ಔಟ್" ಅಂದದ್ದಷ್ಟೇ ಹಿಡಿದುಕೊಂಡು ಹೊರಗೆ ಹೋಗಬೇಕೇನೋ ಅಂತ ಚಪ್ಪಲಿ ತಂದಿಟ್ಟಳು. ಅವರು ಹೇಳಿದ್ದು ತಲೆ ತಿರುಗಿ ಬೀಳ್ತೀನಿ ಅಂತ. ನಾನು ಓಡಿ ಭುಜ ಹಿಡಿಯುವಷ್ಟರಲ್ಲಿ ಅರ್ಧ ವಾಲಿದ್ದರು. ಹೀಗೆ ಪ್ರಜ್ಞೆ ತಪ್ಪುವುದಕ್ಕೆ ಪುಸ್ತಕದಲ್ಲಿರುವ ಸಿಂಕೋಪಿ ಅನ್ನುವ ಪದವನ್ನು ಆ ಹುಡುಗಿ ತಪ್ಪಿಲ್ಲದೆ ಬರೆಯುತ್ತಿದ್ದಳು! ಆದರೆ ಯಾವ ರೋಗಿಯೂ ಹಾಗೆ ಹೇಳುವುದಿಲ್ಲ. ಥ್ರೋ ಅಪ್ (ವಾಂತಿ), ಲೈಟ್‌ಹೆಡೆಡ್ (ತಲೆ ಸುತ್ತಿದಂತಾಗುವುದು), ಶಾರ್ಟ್ ಆಫ್ ಬ್ರೆತ್ (ಉಸಿರು ಸಾಲದಿರುವುದು), ಬವೆಲ್ ಮೂವ್‌ಮೆಂಟ್ (ಮಲವಿಸರ್ಜನೆ), ಇಂಥವನ್ನು ಮೊದಲು ಕಲಿಸಿ. ನಮ್ಮ "ಲೂಸ್ ಮೋಷನ್" ಮಾತ್ರ ಕಲಿಸಬೇಡಿ, ಇಲ್ಲಿ ಯಾರಿಗೂ ಅರ್ಥ ಆಗುವುದಿಲ್ಲ.

ಆಮೇಲೆ ಒಂದೇ ಥರ ಕಂಡು ಅರ್ಥ ಬೇರೆಯಾಗುವ ಪದಗಳು. ಸ್ಪ್ಯಾನಿಷ್‌ನಲ್ಲಿ ಎಂಬರಸಾದಾ ಅಂದರೆ ಗರ್ಭಿಣಿ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ "ಆರ್ ಯು ಎಂಬರಾಸ್ಡ್?", ಅಂದರೆ ಮುಜುಗರ ಆಗ್ತಿದೆಯಾ, ಅಂತ ಕೇಳಿಬಿಡುತ್ತಾರೆ. ಇದು ಸಣ್ಣ ವಿಷಯ ಅಲ್ಲ. 1980ರಲ್ಲಿ ಫ್ಲಾರಿಡಾದಲ್ಲಿ ವಿಲ್ಲಿ ರಮಿರೆಜ್ ಅನ್ನುವ 18ರ ಹುಡುಗನನ್ನು ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಮನೆಯವರು "ಇಂತೋಕ್ಸಿಕಾದೋ" ಅಂದರು. ತಿಂದದ್ದೇನೋ ವಿಷವಾಗಿದೆ ಅನ್ನುವುದು ಅವರ ಮಾತಿನ ಅರ್ಥ. ವೈದ್ಯರು ಅದನ್ನು ಇಂಗ್ಲಿಷಿನ "ಇಂಟಾಕ್ಸಿಕೇಟೆಡ್" ಅಂತ ತಿಳಿದು, ಡ್ರಗ್ಸ್ ಜಾಸ್ತಿ ಆಗಿದೆ ಅಂದುಕೊಂಡರು. ನಿಜಕ್ಕೂ ಆಗುತ್ತಿದ್ದದ್ದು ಮೆದುಳಿನಲ್ಲಿ ರಕ್ತಸ್ರಾವ. ಅದು ಗೊತ್ತಾಗುವಷ್ಟರಲ್ಲಿ ತಡವಾಗಿ ಹುಡುಗನ ಕೈಕಾಲು ಸ್ವಾಧೀನ ತಪ್ಪಿದವು. ಈ ಕಥೆಯನ್ನು ಮೊದಲ ವಾರವೇ ಹೇಳಿ.

ಉಚ್ಚಾರಣೆಯಲ್ಲಿ ಅವರು "ಸ್ಟೂಲ್" (ಮಲ) ಅನ್ನು "ಎಸ್ಟೂಲ್" ಅನ್ನುತ್ತಾರೆ. ನಮ್ಮಜ್ಜಿ "ಇಸ್ಕೂಲು" ಅಂದ ಹಾಗೆ. ಅದರಿಂದ ಏನೂ ತೊಂದರೆ ಇಲ್ಲ, ತಿದ್ದುತ್ತಾ ಕೂರಬೇಡಿ. ಸಂಖ್ಯೆಗಳಲ್ಲಿ ಮಾತ್ರ ಗಟ್ಟಿಯಾಗಿರಿ. ಫಿಫ್ಟೀನ್, ಫಿಫ್ಟಿ ಕಿವಿಗೆ ಒಂದೇ ಥರ ಬೀಳುತ್ತವೆ. ಔಷಧದ ಅಳತೆ ಹೇಳುವಾಗ "ಫಿಫ್ಟೀನ್, ಒನ್ ಫೈವ್" ಅಂತ ಬಿಡಿಸಿ ಹೇಳುವ ರೂಢಿ ಮಾಡಿಸಿ. ಜ್ವರವನ್ನು ಅವರು ಸೆಲ್ಸಿಯಸ್‌ನಲ್ಲಿ ನೋಡಿ ಬೆಳೆದವರು. ಅಮೆರಿಕಕ್ಕೆ ಬರುವವರಾದರೆ 38 ಅಂದರೆ ಇಲ್ಲಿ 100.4 ಫ್ಯಾರನ್‌ಹೀಟ್ ಅನ್ನುವುದು ತಲೆಯಲ್ಲಿ ಕೂರಲಿ.

ವಾರಕ್ಕೊಮ್ಮೆ ನೀವೇ ರೋಗಿಯಾಗಿ. ಪುಸ್ತಕದ ಇಂಗ್ಲಿಷ್ ಬಿಟ್ಟು ಗೊಣಗಿ, ಅರ್ಧ ಮಾತಾಡಿ, ಹೊಟ್ಟೆ ಹಿಡಿದುಕೊಳ್ಳಿ. ಅವರು ಕೇಳಿ ಕೇಳಿ ತಿಳಿದುಕೊಳ್ಳಲಿ. ಒಂದು ಭಾನುವಾರ ನಾನೂ ಬಂದು ರೋಗಿಯಾಗಿ ಕೂರ್ತೀನಿ, ನಿಮ್ಮ ಸಂಜೆ ನನಗೆ ಬೆಳಗ್ಗೆ. ಮೆಸೇಜ್ ಮಾಡಿ.